ಅಳಿಯನ ಅಮಲು ಇಳಿಸಿದ ಬೇಸಿಗೆ

ಮೊನ್ನೆ ಮೊಮ್ಮಗಳು ಶಿಲ್ಪ ಪಲಾವ್ ಮಾಡುತ್ತೇನೆಂದು ಕಾದ ಎಣ್ಣೆಗೆ ಲವಂಗ ಹಾಕಿದಳು. ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಮೈ ಉರಿದುಹೋಯಿತು. ತೆಗೆದು ಹಾಕು ಅಂದೆ. ಲವಂಗ ಹಾಕದಿದ್ದರೆ ಅದು ಚಿತ್ರಾನ್ನ ಆಗುತ್ತದೆ ಅಜ್ಜಿ ಅಂತ ನಕ್ಕಳು. ನಾನು ನಗಲಿಲ್ಲ. ಮೊರವನ್ನು ಎತ್ತಿಕೊಂಡು ಹೊರಗೆ ಜಗಲಿಗೆ ಹೋಗಿ ಕೂತೆ.

ಅವಳಿಗೆ ಗೊತ್ತಿರುವುದು ಇಷ್ಟು: ಅಪ್ಪ ಕುಡಿಯುತ್ತಿದ್ದ, ಆಮೇಲೆ ಬಿಟ್ಟ, ಬಿಟ್ಟ ಮೇಲೂ ಅಮ್ಮ ಅವನ ಮನೆಗೆ ವಾಪಸ್ ಹೋಗಲಿಲ್ಲ. ಕುಡಿತ ಬಿಟ್ಟವನ ಜೊತೆ ಯಾಕೆ ಹೋಗಲಿಲ್ಲ ಅಂತ ಕೇಳುವ ವಯಸ್ಸು ಈಗ ಅವಳದು. ಅವರಮ್ಮನನ್ನು ಕೇಳಿದರೆ ಎದ್ದು ಹೋಗುತ್ತಾಳೆ. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮಾತು ನೆಟ್ಟಗಿರುತ್ತದೆ, ಅಕ್ಷರ ಸೊಟ್ಟಗಿರಬಹುದು.

ಸರ್ಕಾರದವರು ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದರಲ್ಲ, ಅದಕ್ಕೆ ಹಿಂದಿನ ವರ್ಷದ ಬೇಸಿಗೆ. ಆಗ ನಮ್ಮ ಕಡೆ ಸಾರಾಯಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ಮೂಲೆ ಹರಿದು ಬಾಯಿಗೆ ಹಿಂಡಿಕೊಳ್ಳುವುದು, ಪ್ಯಾಕೆಟ್ಟನ್ನು ಕಾಲುವೆಗೆ ಬಿಸಾಡುವುದು. ನನ್ನ ಮಗಳು ಮಂಜುಳನನ್ನು ಕೊಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಊರಿಗೆ. ಅಳಿಯ ನಾರಾಯಣಸ್ವಾಮಿ. ಅವರದೂ ನಮ್ಮ ಹಾಗೆಯೇ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಕುಡಿಯುತ್ತಿದ್ದ. ಮದುವೆಯಾದಾಗ ಹಬ್ಬಕ್ಕೆ ಹರಿದಿನಕ್ಕೆ, ಆಮೇಲೆ ಸಂತೆಗೆ, ಆಮೇಲೆ ದಿನಾ. ಇದನ್ನು ನಾನು ಮುಚ್ಚಿಡುವುದಿಲ್ಲ. ಕುಡುಕ ಅನ್ನುವುದು ನಿಜ. ಅವನು ಆ ನಿಜದ ಹಿಂದೆ ಇನ್ನೊಂದನ್ನು ಬಚ್ಚಿಟ್ಟ, ನನ್ನ ಸಿಟ್ಟು ಅದಕ್ಕೆ.

ಆವತ್ತು ಆದದ್ದು ಹೀಗೆ. ಅವರ ಮನೆಯ ಹುಳುವಿಗೆ ರೋಗ ಬಂದು ಗೂಡು ಕಟ್ಟುವ ಮೊದಲೇ ಅರ್ಧಕ್ಕರ್ಧ ಕರಗಿಹೋಯಿತು. ಕಳೆದ ಬೆಳೆ ಮುಗಿದ ಮೇಲೆ ಹುಳುಮನೆಗೆ ಸುಣ್ಣ ಹೊಡೆದು ತೊಳೆಯಬೇಕಿತ್ತು, ಇವನು ಹೊಡೆದಿರಲಿಲ್ಲ. ಮಟಮಟ ಮಧ್ಯಾಹ್ನ, ಸತ್ತ ಹುಳುವನ್ನು ಮಂಕರಿಗೆ ತುಂಬುತ್ತಾ ಮಂಜುಳ ಪಕ್ಕದ ಮನೆಯವಳಿಗೆ ಅದನ್ನೇ ಹೇಳಿದಳು: ಸುಣ್ಣ ಹೊಡಿ ಅಂತ ಬಾಯಿ ಬಡ್ಕೊಂಡೆ, ಕೇಳಲಿಲ್ಲ. ಅದು ಇವನ ಕಿವಿಗೆ ಬಿತ್ತು. ಪಕ್ಕದ ಮನೆಯವಳು ಆಚೆ ಹೋಗುವವರೆಗೆ ಕಾದ. ಕಾದ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಒಲೆ ಮುಂದಿನ ಸೌದೆ ತೆಗೆದುಕೊಂಡು ಮಂಜುಳನ ಎಡಗೈ ಮೇಲೆ ಹೊಡೆದ. ಮೊಣಕೈ ಮುರಿಯಿತು.

ನನಗೆ ಸುದ್ದಿ ಮುಟ್ಟಿ ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಊರೆಲ್ಲ ಒಂದೇ ಮಾತು. ಕುಡಿದ ಮೈಮೇಲೆ ಹೊಡೆದನಂತೆ. ಹೌದು, ಸಂಜೆ ಅವನು ಮುನೇಶ್ವರನ ಗುಡಿ ಪಕ್ಕ ಬಿದ್ದಿದ್ದನ್ನು ಎಲ್ಲರೂ ನೋಡಿದ್ದರು. ಹತ್ತಿರ ಹೋದವರು ಮೂಗು ಮುಚ್ಚಿಕೊಂಡಿದ್ದರು. ಅವನ ತಾಯಿ, ಬೆಳಿಗ್ಗೆಯಿಂದಲೇ ಕುಡಿದಿದ್ದ ಅಂತ ಎದೆ ಬಡಿದುಕೊಂಡು ಹೇಳಿದಳು. ಮಂಜುಳ ಮಾತ್ರ ಹಾಸಿಗೆಯ ಮೇಲೆ ಮಲಗಿ ನನ್ನ ಕಡೆ ತಿರುಗಿ ಹೇಳಿದಳು, "ಕುಡಿದಿರಲಿಲ್ಲಮ್ಮ. ಹೊಡೆದ್ಮೇಲೆ ಹೋಗಿ ಕುಡ್ದ."

ನಾನು ನಂಬಿದೆ. ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಅವತ್ತಿನವರೆಗೆ ಅಳಿಯನಿಗೆ ಬನ್ನಿ, ಕೂತ್ಕೊಳ್ಳಿ ಅಂತ ಬಹುವಚನ ಕೊಡುತ್ತಿದ್ದೆ. ಅವತ್ತಿನಿಂದ ಬಾ, ಹೋಗು ಆಯಿತು.

ಕೈಗೆ ಕಟ್ಟು ಹಾಕಿದರು. ತಾಯಿ ಮಗು ಇಬ್ಬರನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದೆ. ಕೂಡಿತು, ಆದರೆ ಸೊಟ್ಟಗೆ ಕೂಡಿತು. ಇವತ್ತಿಗೂ ಅವಳಿಗೆ ಆ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಲಾಗುವುದಿಲ್ಲ. ಒಂದು ಮಗುವಿನ ತಾಯಿಗೆ ದಿನಾ ಬೆಳಿಗ್ಗೆ ನಾನು ಕೂತು ಜಡೆ ಹಾಕುತ್ತಿದ್ದೆ. ಜಡೆಯ ಒಂದೊಂದು ಎಳೆ ಎಳೆಯುವಾಗಲೂ ಅವನನ್ನು ಬೈಯುತ್ತಿದ್ದೆ. ಬಾಯಿಬಿಟ್ಟಲ್ಲ, ಒಳಗೇ.

ಅವರ ಊರಿನ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಯಜಮಾನ ಪಿಳ್ಳಪ್ಪ, ನಾರಾಯಣಸ್ವಾಮಿಗೆ ದೊಡ್ಡಪ್ಪನಾಗಬೇಕು. ನನ್ನ ಮಗಳನ್ನು ಹೆಣ್ಣು ಕೇಳಿಕೊಂಡು ಬಂದಿದ್ದವನೂ ಅವನೇ, ಮದುವೆಯಲ್ಲಿ ಮುಂದೆ ನಿಂತವನೂ ಅವನೇ. ನಾರಾಯಣಸ್ವಾಮಿ ತಲೆ ತಗ್ಗಿಸಿ ನಿಂತು, ಏನು ಮಾಡಿದೆನೋ ಜ್ಞಾಪಕವೇ ಇಲ್ಲ ಅಂದ. ಪಿಳ್ಳಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನನಗೆ ಬುದ್ಧಿ ಹೇಳಿದ.

"ನೋಡಮ್ಮ ವೆಂಕಟಮ್ಮ, ಹುಡುಗ ಕೆಟ್ಟೋನಲ್ಲ. ಒಳಗೋಗಿದ್ದು ಆಡಿಸ್ತು, ಇವನು ಆಡ್ದ. ಅದಕ್ಕೆ ಒಂದು ಸಂಸಾರ ಒಡೀಬೇಕಾ?"

ಮಂಜುಳ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡೇ ಎದ್ದು ನಿಂತಳು. ಕುಡಿದಿರಲಿಲ್ಲ ದೊಡ್ಡಪ್ಪ, ಆಮೇಲೆ ಕುಡಿದಿದ್ದು ಅಂದಳು. ಪಿಳ್ಳಪ್ಪ ನಕ್ಕ. ಏಟು ತಿಂದ ಗಾಬರಿಯಲ್ಲಿ ನಿನಗೇನಮ್ಮ ಗೊತ್ತಾಗಿರುತ್ತದೆ, ವಾಸನೆ ನಾವೇ ನೋಡಿದ್ದೇವಲ್ಲ ಅಂದ. ಕಟ್ಟೆಯ ಮೇಲೆ ಕೂತವರೆಲ್ಲ ತಲೆ ಆಡಿಸಿದರು. ಅವರಲ್ಲಿ ಎಷ್ಟು ಜನ ತಮ್ಮ ತಮ್ಮ ಮನೆಗಳಲ್ಲಿ ಅದೇ ಮಾತಿನ ಹಿಂದೆ ಬಚ್ಚಿಟ್ಟುಕೊಂಡಿದ್ದರೋ. ನಮ್ಮ ಕಡೆ ಆಗ ಅದು ಒಂದು ಕಟ್ಟಳೆಯೇ ಆಗಿಹೋಗಿತ್ತು: ಎಚ್ಚರದಲ್ಲಿ ಮಾಡಿದರೆ ತಪ್ಪು, ಕುಡಿದು ಮಾಡಿದರೆ ಗ್ರಹಚಾರ.

ನನಗೆ ಅಲ್ಲೇ ಒಂದು ಯೋಚನೆ ಬಂತು. ಆಸ್ಪತ್ರೆಯಲ್ಲಿ ಮಂಜುಳನ ಪಕ್ಕದ ಹಾಸಿಗೆಯ ಹೆಂಗಸು ಹೇಳಿದ್ದಳು, ಅವಳ ತಮ್ಮ ಗೌರಿಬಿದನೂರಿನಲ್ಲಿ ಕುಡುಕರ ಮೀಟಿಂಗಿಗೆ ಹೋಗುತ್ತಿದ್ದನಂತೆ, ಅಲ್ಲಿ ಒಬ್ಬೊಬ್ಬರೇ ಎದ್ದು ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರಂತೆ. ಕುಡಿತ ಬಿಡುವುದು ಬಿಡದೆ ಇರುವುದು ನನಗೆ ಬೇಕಿರಲಿಲ್ಲ. ಬಾಯಿಬಿಟ್ಟು ಹೇಳುತ್ತಾರೆ ಅನ್ನುವುದು ಬೇಕಿತ್ತು.

"ತಪ್ಪು ಸಾರಾಯಿದು ಅಂತೀರಲ್ಲ ಅಣ್ಣ, ಹಂಗಾದ್ರೆ ಮೊದಲು ಸಾರಾಯಿ ಬಿಡಿಸ್ತೀನಿ. ಅದಕ್ಕೊಂದು ಮೀಟಿಂಗ್ ಐತಂತೆ. ನಾನೇ ಕರ್ಕೊಂಡೋಗ್ತೀನಿ. ಬಿಟ್ಟಿದ್ದಾನೆ ಅಂತ ಇದೇ ಕಟ್ಟೆ ಮೇಲೆ ಕೂತು ನೀವು ಹೇಳಿ, ಆಮೇಲೆ ಮಗಳನ್ನ ಕಳಿಸ್ತೀನಿ" ಅಂದೆ.

ಇಂಥ ಅತ್ತೆ ಯಾರಿಗೆ ಸಿಗುತ್ತಾಳೆ ಅಂತ ಪಿಳ್ಳಪ್ಪ ಹೊಗಳಿದ. ನಾನು ಕೈ ಮುಗಿದೆ.

ಮೊದಲ ವಾರ ಅವನ ಕೈ ಎಷ್ಟು ನಡುಗಿತೆಂದರೆ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಮಾತ್ರೆ ಕೊಟ್ಟರು. ಬೇಳೆ ತಿಳಿ, ಮುದ್ದೆ ಅವನ ತಾಯಿ ಮಾಡಿ ತಿನ್ನಿಸಿದಳು. ಸಾಯದಿರಲಿ ಅಂತ ನಾನೂ ದೇವರಿಗೆ ಕೈ ಮುಗಿದೆ. ಸತ್ತರೆ ನನ್ನ ಕೆಲಸ ಕೆಡುತ್ತಿತ್ತು.

ನಡುಕ ನಿಂತ ಮೇಲಿನ ಭಾನುವಾರ ಗೌರಿಬಿದನೂರಿಗೆ ಹೊರಟೆವು. ಎರಡು ಬಸ್ಸು ಬದಲಾಯಿಸಿ, ಆ ಬಿಸಿಲಲ್ಲಿ ಬೀದಿ ಬೀದಿ ಕೇಳಿಕೊಂಡು ಹೋದರೆ ಆ ಕೋಣೆಗೆ ಬೀಗ. ಯಾವುದೋ ಟ್ಯೂಷನ್ನಿನ ಬೋರ್ಡು ನೇತುಹಾಕಿದ್ದರು. ಅಳಿಯನ ಮುಖ ಅರಳಿತು. ಮುಚ್ಚಿದೆಯಲ್ಲ ಅತ್ತೆ, ವಾಪಸ್ ಹೋಗಣ ಅಂದ. ನಾನು ಪಕ್ಕದ ಟೈಲರ್ ಅಂಗಡಿಯಲ್ಲಿ ವಿಚಾರಿಸಿದೆ. ಬರುವವರು ಕಡಿಮೆಯಾಗಿ ಇಲ್ಲಿಯದು ನಿಂತುಹೋಯಿತು, ಚಿಂತಾಮಣಿಯಲ್ಲಿ ಒಂದು ನಡೆಯುತ್ತದೆ, ಅದೂ ಭಾನುವಾರವೇ, ಚರ್ಚಿನ ಹಿಂದಿನ ಶಾಲೆಯಲ್ಲಿ ಅಂತ ಅವನು ಹೇಳಿದ. ಗೌರಿಬಿದನೂರು ಆ ಕಡೆಯ ತುದಿ, ಚಿಂತಾಮಣಿ ಈ ಕಡೆಯ ತುದಿ. ಅಳಿಯನ ಮುಖ ಮತ್ತೆ ಬಾಡಿತು. ಅದನ್ನು ನೋಡಿ ನನಗೆ ಬಿಸಿಲಿನ ಆಯಾಸ ಕಳೆಯಿತು.

ದಾರಿಯಲ್ಲಿ ಇನ್ನೊಂದು ಉಪಾಯ ತೆಗೆದ. ಮುರುಗಮಲ್ಲದ ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬಿಡುತ್ತೇನೆ, ಅಲ್ಲಿ ಎಷ್ಟೋ ಜನಕ್ಕೆ ವಾಸಿಯಾಗಿದೆ ಅಂದ. ದರ್ಗಾಕ್ಕೆ ನಾನೂ ನಡೆದುಕೊಳ್ಳುವವಳೇ. ಹೋಗು, ಕಟ್ಟಿಸಿಕೋ, ಆದರೆ ಅಲ್ಲಿ ಮನಸ್ಸಿನಲ್ಲೇ ಹೇಳಿಕೊಂಡರೂ ನಡೆಯುತ್ತದೆ, ನಿನಗೆ ಬಾಯಲ್ಲಿ ಹೇಳುವ ಜಾಗ ಬೇಕು ಅಂದೆ.

ಆ ಸಂಘಕ್ಕೆ ಒಂದು ಹೆಸರಿದೆ, ಬರೆಯುವುದಿಲ್ಲ. ಅಲ್ಲಿ ಕೂರುವವರ ಹೆಸರೂ ಬೇಡ. ಅದು ಅವರ ನಿಯಮ, ನಾನು ಒಪ್ಪಿಕೊಂಡ ನಿಯಮ. ಮೀಟಿಂಗ್ ನಡೆಸುತ್ತಿದ್ದವರು ಹಿಂದೆ ಲಾರಿ ಓಡಿಸುತ್ತಿದ್ದವರು, ಆದ್ದರಿಂದ ಡ್ರೈವರು ಅಂತ ಕರೆಯುತ್ತೇನೆ. ಚಿಂತಾಮಣಿಯವರಲ್ಲವೇ, ಮಾತಿನ ಮಧ್ಯೆ ತೆಲುಗು. ಮುಂದಿನ ಭಾನುವಾರ ನಾವು ಹೋದಾಗ ಬಾಗಿಲಲ್ಲೇ "ರಾಂಡಮ್ಮಾ, ಬನ್ನಿ" ಅಂತ ಎರಡೂ ಭಾಷೆಯಲ್ಲಿ ಕರೆದರು. ಒಂದನೇ ಕ್ಲಾಸಿನ ಮಕ್ಕಳ ಬೆಂಚು, ಅದರ ಮೇಲೆ ಮೀಸೆ ಹೊತ್ತ ಗಂಡಸರು ಮಂಡಿ ಮಡಿಸಿಕೊಂಡು ಕೂತಿದ್ದರು. ಮೇಲೆ ಶೀಟಿನ ಚಾವಣಿ, ಒಳಗೆ ಹುಳುಮನೆಗಿಂತ ಹೆಚ್ಚು ಸೆಕೆ. ಮನೆಯವರೂ ಕೂರಬಹುದು, ಆದರೆ ಇಲ್ಲಿ ಕೇಳಿಸಿಕೊಂಡದ್ದು ಇಲ್ಲೇ ಇರಬೇಕು ಅಂದರು ಡ್ರೈವರು. ತಲೆ ಆಡಿಸಿದೆ. ಆಗ ಅದರ ಭಾರ ನನಗೆ ಗೊತ್ತಿರಲಿಲ್ಲ.

ಎಲ್ಲರೂ ಹೆಸರು ಹೇಳಿ, ನಾನು ಕುಡುಕ ಅಂತ ಹೇಳುತ್ತಾ ಬಂದರು. ನನ್ನ ಸರದಿ ಬಂತು.

"ನಾನು ವೆಂಕಟಮ್ಮ. ನಾನು ಕುಡಿಯಲ್ಲ. ಕುಡಿಯೋನು ಇವನು. ಇವನನ್ನ ಕಾಯಕ್ಕೆ ಬಂದಿದ್ದೀನಿ."

ನಮಸ್ಕಾರ ವೆಂಕಟಮ್ಮ ಅಂತ ಅಷ್ಟೂ ಜನ ಒಟ್ಟಿಗೆ ಹೇಳಿದರು. ನನ್ನ ಮದುವೆಯಲ್ಲೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ನಾರಾಯಣಸ್ವಾಮಿ ಎದ್ದು ಹೆಸರು ಹೇಳಿದ, ಕುಡುಕ ಅಂದ, ಇಷ್ಟು ದಿನದಿಂದ ಮುಟ್ಟಿಲ್ಲ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀ ಕೊಟ್ಟರು, ಬೆನ್ನು ಸವರಿದರು. ನನ್ನ ಮಗಳ ಕೈ ಮುರಿದಾಗ ಒಬ್ಬನೂ ಬೆನ್ನು ಸವರಲಿಲ್ಲ, ಮುರಿದವನಿಗೆ ಚಪ್ಪಾಳೆ. ನಾನು ಕೈ ಕಟ್ಟಿಕೊಂಡೇ ಕೂತೆ. ಯಾವ ಭಾನುವಾರವೂ ತಟ್ಟಲಿಲ್ಲ.

ಹೀಗೆ ಆ ಬೇಸಿಗೆ ಕಳೆಯಿತು. ವಾರವೆಲ್ಲ ಹುಳುವಿನ ಚಾಕರಿ. ಬೆಳಗಿನ ಜಾವ ಸೊಪ್ಪು ಕೊಯ್ಯುವುದು, ಕಿಟಕಿಗೆ ನೆನೆಸಿದ ಗೋಣಿಚೀಲ ಕಟ್ಟುವುದು, ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಯಾರೂ ಜೋರಾಗಿ ಮಾತಾಡದ ಹಾಗೆ ನೋಡಿಕೊಳ್ಳುವುದು. ಭಾನುವಾರ ಸೊಸೆಗೆ ಹುಳು ಒಪ್ಪಿಸಿ ನಮ್ಮ ಕಡೆಯ ಜಂಗಮಕೋಟೆಯಿಂದ ಬಸ್ಸು ಹತ್ತುತ್ತಿದ್ದೆ. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಅವನು ನಿಂತಿರುತ್ತಿದ್ದ. ಚಿಂತಾಮಣಿ ಬಸ್ಸಿನಲ್ಲಿ ಅವನನ್ನು ಮುಂದೆ ಕೂರಿಸಿ ನಾನು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಅವನ ಕುತ್ತಿಗೆ ನನಗೆ ಕಾಣಬೇಕು. ದಾರಿಯುದ್ದಕ್ಕೂ ಮಾವು ತುಂಬಿದ ಲಾರಿಗಳು, ಟೊಮೆಟೊ ಬಾಕ್ಸುಗಳು, ಬಿಸಿಗಾಳಿ.

ಮೀಟಿಂಗಿನಲ್ಲಿ ಮಾತ್ರ ಅವನ ಎದುರಿಗೇ ಕೂರುತ್ತಿದ್ದೆ. ಅವನು ಎಲ್ಲಿ ನೋಡಿದರೂ ನನ್ನ ಕಣ್ಣು. ಅಮ್ಮ ಹಾಗೆ ನೋಡಿದರೆ ನಮಗೂ ಬಾಯಿ ಕಟ್ಟುತ್ತದೆ ಅಂತ ಯಾರೋ ದೂರು ಹೇಳಿದರಂತೆ, ಡ್ರೈವರು ಬಂದು ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. ಹಿಂದಿನಿಂದಲೂ ನೋಡಿದೆ. ಎಲ್ಲರೂ ತಮ್ಮ ತಮ್ಮದನ್ನು ಹೇಳುತ್ತಿದ್ದರು. ಏನೆಂದು ಬರೆಯುವುದಿಲ್ಲ, ಒಬ್ಬರು ತಮ್ಮ ಮಗಳ ವಿಷಯ ಹೇಳಿ ಅತ್ತ ದಿನ ಇವನು ಬೆವತ. ಆದರೆ ಬಾಯಿಬಿಡಲಿಲ್ಲ. ಹೆಂಡತಿಗೆ ತೊಂದರೆ ಕೊಟ್ಟೆ ಅಂತ ಮಾತ್ರ ಹೇಳಿ ಕೂರುತ್ತಿದ್ದ. ತೊಂದರೆಯಂತೆ. ಬಸ್ಸು ತಡವಾದರೆ ಅದು ತೊಂದರೆ.

ಇವನನ್ನು ಒಂದು ಮಾತು ನಾನೇ ಕೇಳಲಾ ಅಂದೆ ಡ್ರೈವರನ್ನು. ಇಲ್ಲಿ ಯಾರೂ ಯಾರನ್ನೂ ಕೇಳುವ ಹಾಗಿಲ್ಲಮ್ಮ, ಅವರಾಗಿಯೇ ಹೇಳಬೇಕು ಅಂದರು.

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಅವನ ಪಕ್ಕಕ್ಕೆ ಹೋಗುತ್ತಲೇ ಲವಂಗದ ವಾಸನೆ ಬಂತು. ಬಾಯಿ ತುಂಬ ಲವಂಗ ಹಾಕಿ ಅಗಿಯುತ್ತಿದ್ದ. ಹಲ್ಲು ನೋವು ಅತ್ತೆ ಅಂದ. ಹುಳುವಿಗೆ ಬೀಡಿ, ಹೆಂಡ, ಗಂಧದೆಣ್ಣೆ ಯಾವ ವಾಸನೆಯೂ ಆಗುವುದಿಲ್ಲ. ಹುಳುಮನೆಯ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಕೂಲಿಯಾಳುಗಳನ್ನೆಲ್ಲ ಮೂಸಿ ನೋಡಿ ನೋಡಿಯೇ ನನ್ನ ಕೂದಲು ಬೆಳ್ಳಗಾಗಿದೆ.

"ಬಾಯಿ ತೆಗಿ" ಅಂದೆ.

ಅಷ್ಟು ಜನರ ಮಧ್ಯೆ ತೆಗೆದ. ಲವಂಗದ ಕೆಳಗೆ ಸಾರಾಯಿ ಇತ್ತು. ಹೆಂಗಸರು ನೋಡುತ್ತಿದ್ದರು, ಕಡಲೆಕಾಯಿ ಮಾರುವವನು ನೋಡುತ್ತಿದ್ದ. ನಡಿ ಅಂತ ಬಸ್ಸು ಹತ್ತಿಸಿದೆ. ಮೀಟಿಂಗಿನಲ್ಲಿ ಎದ್ದು ನಿಂತು ನೆನ್ನೆ ಕುಡಿದೆ, ಇವತ್ತು ಬೆಳಿಗ್ಗೆಯೂ ಕುಡಿದೆ ಅಂದ. ಅದಕ್ಕೂ ಚಪ್ಪಾಳೆ ತಟ್ಟಿದರು. ಬಿಟ್ಟರೂ ಚಪ್ಪಾಳೆ, ಕುಡಿದರೂ ಚಪ್ಪಾಳೆ, ನಿಮಗೇನು ಕೈ ಕಡಿಯುತ್ತದಾ ಅಂತ ಡ್ರೈವರಿಗೆ ಜೋರು ಮಾಡಿದೆ. ಅವರು ನನಗೆ ಟೀ ಲೋಟ ಕೊಟ್ಟು, ಕುಡಿದು ಮನೆಯಲ್ಲಿ ಕೂರದೆ ಇಲ್ಲಿಗೆ ಬಂದನಲ್ಲಮ್ಮ, ಬಂದಿದ್ದಕ್ಕೆ ತಟ್ಟಿದ್ದು ಅಂದರು. ಬರಲಿಲ್ಲ, ಎಳೆದುಕೊಂಡು ಬಂದೆ ಅಂದೆ. ಹಾಗಾದರೆ ಅದು ನಿಮಗೆ ತಟ್ಟಿದ್ದು ಅಂತ ನಕ್ಕರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಅದಾದ ಮೇಲೆ ಅವನು ಕುಡಿಯಲಿಲ್ಲ. ಊರಲ್ಲಿ ಹೆಸರು ಬಂತು. ಅಂಗಡಿ ಮುಂದೆಯೇ ಹಾದುಹೋಗುತ್ತಾನಂತೆ, ತಿರುಗಿಯೂ ನೋಡುವುದಿಲ್ಲವಂತೆ ಅಂತ ಸುದ್ದಿ. ಪಿಳ್ಳಪ್ಪ ಸಿಕ್ಕವರಿಗೆಲ್ಲ, ನಮ್ಮ ಪಂಚಾಯ್ತಿ ಮಾತಿಗೆ ಒಬ್ಬ ಉದ್ಧಾರವಾದ ಅಂತ ಹೇಳಿಕೊಂಡು ತಿರುಗಿದ. ಅಳಿಯನ ಕೆನ್ನೆ ತುಂಬಿಕೊಂಡಿತು. ಅದನ್ನು ನೋಡಿ ನನಗೆ ಭಯ ಹತ್ತಿತು. ಬಾಯಿಬಿಡದೆಯೇ ಒಳ್ಳೆಯವನಾಗಿಬಿಟ್ಟರೆ ನನ್ನ ಮಗಳು ಸುಳ್ಳಿಯಾಗಿಯೇ ಆ ಮನೆಗೆ ವಾಪಸ್ ಹೋಗಬೇಕಾಗುತ್ತಿತ್ತು.

ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಭಾನುವಾರವೇ ಬಂತು. ಕರೆಂಟು ಹೋಗಿ ಕೋಣೆಯಲ್ಲಿ ಮಬ್ಬು. ಶೀಟಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ಧೈರ್ಯ ಬಂತೋ ಏನೋ, ನಾರಾಯಣಸ್ವಾಮಿ ಎದ್ದು ನಿಂತು ನೆಲ ನೋಡುತ್ತಾ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು ಅಷ್ಟೆ. ಡ್ರೈವರು ಕಿವಿಗೆ ಕೈ ಇಟ್ಟುಕೊಂಡು, ಕೇಳಿಸಲಿಲ್ಲಪ್ಪ, ಜೋರಾಗಿ ಹೇಳು ಅಂದರು. ಅವನು ಸುತ್ತ ನೋಡಿದ, ನನ್ನನ್ನೂ ನೋಡಿದ. ಆಮೇಲೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಹಾಗೆ ಕೂಗಿ ಹೇಳಿದ.

ಹೇಳಿದ್ದೇನು ಅಂತ ಬರೆಯುವುದಿಲ್ಲ. ಅದು ಆ ಕೋಣೆಯದು. ನಾನು ಯಾವ ಮಾತಿಗಾಗಿ ಆ ಬಿಸಿಲೆಲ್ಲ ಅಲೆದಿದ್ದೆನೋ ಅದೇ ಮಾತು ಅಂತ ತಿಳಿದುಕೊಂಡರೆ ಸಾಕು. ಆ ದಿನ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಡ್ರೈವರು ಬಾಗಿಲಿಗೆ ಅಡ್ಡ ನಿಂತರು. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿತ್ತು.

"ಅಮ್ಮಾ, ಕೇಳಿಸ್ಕೊಂಡಿದ್ದು ಇಲ್ಲೇ ಬಿಟ್ಟೋಗ್ಬೇಕು."

"ನಿಮ್ಮ ಮಗಳಾಗಿದ್ರೆ ಬಿಟ್ಟೋಗ್ತಿದ್ರಾ?"

"ನೀವು ಆಚೆ ತಗೊಂಡೋದ್ರೆ ನಾಳೆಯಿಂದ ಇಲ್ಲಿ ಒಬ್ಬನೂ ಬಾಯಿ ಬಿಡಲ್ಲ. ಇವರೆಲ್ಲ ತಿರುಗಾ ಕುಡ್ದು ಮನೆಗೋಗ್ತಾರೆ. ಅಲ್ಲೂ ಹೆಣ್ಮಕ್ಕಳಿದ್ದಾರಲ್ಲಮ್ಮ."

ಆ ಕೊನೆಯ ಮಾತಿಗೆ ಒಪ್ಪಿಕೊಂಡು ತಲೆ ಆಡಿಸಿದೆ. ಜೊತೆಗೆ ನನ್ನದೂ ಒಂದು ಲೆಕ್ಕಾಚಾರವಿತ್ತು. ನಾನು ಹೋಗಿ ಹೇಳಿದರೆ ಅತ್ತೆಯ ಹೊಟ್ಟೆಯುರಿ ಅನ್ನುತ್ತಾರೆ, ಅವನು ಇಲ್ಲ ಅನ್ನುತ್ತಾನೆ, ಮಗಳ ಮಾತಿಗಾದ ಗತಿಯೇ ನನ್ನ ಮಾತಿಗೂ ಆಗುತ್ತದೆ. ಬಸ್ಸಿನಲ್ಲಿ ಅವನು ಒದ್ದೆ ಟವೆಲ್ ಹೊದ್ದುಕೊಂಡು ಮುದುಡಿ ಕೂತಿದ್ದ. ಕೈವಾರದ ಕ್ರಾಸು ದಾಟಿದ ಮೇಲೆ ಹಿಂದಕ್ಕೆ ತಿರುಗಿದ.

"ಊರಲ್ಲಿ ಹೇಳ್ತೀರಾ ಅತ್ತೆ?"

"ನಾನು ಹೇಳಲ್ಲ. ನೀನು ಹೇಳ್ತೀಯ."

ಆ ಸಂಘದಲ್ಲಿ ಒಂದೊಂದಾಗಿ ಹತ್ತಬೇಕಾದ ಮೆಟ್ಟಿಲುಗಳಿವೆ ಅಂತ ಹೇಳುತ್ತಾರೆ. ಅದರಲ್ಲಿ ಒಂದು, ನೋಯಿಸಿದವರ ಮನೆಗೆ ಹೋಗಿ ಒಪ್ಪಿಕೊಳ್ಳುವುದು. ಎರಡು ವಾರ ಬಿಟ್ಟು ಬಾಳೆಹಣ್ಣು, ಹೂವು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಜಗಲಿಯ ಮೇಲೆಯೇ ನನ್ನ ಕಾಲಿಗೆ ಬಿದ್ದ. ಕಾಲು ಹಿಂದಕ್ಕೆ ಎಳೆದುಕೊಂಡು, ಮುರಿದಿದ್ದು ನನ್ನ ಕೈಯಲ್ಲ ಅಂದೆ. ಒಳಗೆ ಮಂಜುಳ ಹುಳುವಿಗೆ ಸೊಪ್ಪು ಹರಡುತ್ತಿದ್ದಳು, ಒಂದೇ ಕೈಯಲ್ಲಿ. ಅವನು ಹುಳುಮನೆಯ ಹೊಸ್ತಿಲ ಆಚೆ ನಿಂತು ಎಲ್ಲವನ್ನೂ ಹೇಳಿದ, ಅತ್ತ. ಅವಳು ಆ ತಟ್ಟೆ ಮುಗಿಸಿ ಮುಂದಿನ ತಟ್ಟೆಗೆ ಹೋದಳು. ಅವನ ಮುಖ ನೋಡಲಿಲ್ಲ. ನನಗೆ ಹೇಳಿದಳು.

"ಅಮ್ಮ, ನಂಗೆ ಗೊತ್ತಿರೋದನ್ನ ನಂಗೇ ಹೇಳಕ್ಕೆ ಬಂದಿದ್ದಾನೆ. ಗೊತ್ತಿಲ್ದೋರಿಗೆ ಹೋಗಿ ಹೇಳಕ್ಕೆ ಹೇಳು."

ಅಷ್ಟು ದಿನ ನಾನೇ ಈ ಮನೆಯ ಸೇಡುಗಾತಿ ಅಂದುಕೊಂಡಿದ್ದೆ. ನನಗಿಂತ ಹರಿತವಾದದ್ದು ಒಳಗೆ ಸೊಪ್ಪು ಹಾಕುತ್ತಾ ಕೂತಿತ್ತು.

ಏನು ಬೇಕಾದರೂ ಮಾಡುತ್ತೇನೆ, ಅ‍ದೊಂದು ಬೇಡ ಅಂದ ಅವನು. ಈಗ ಊರಲ್ಲಿ ನಾಲ್ಕು ಜನ ಮರ್ಯಾದೆ ಕೊಡುತ್ತಿದ್ದಾರೆ ಅತ್ತೆ ಅಂದ. ಬಾಳೆಹಣ್ಣು ವಾಪಸ್ ಕೊಟ್ಟು ಕಳಿಸಿದೆ.

ಪಿಳ್ಳಪ್ಪನಿಗೆ ಅವಸರ. ಆಷಾಢ ಬರುವ ಮೊದಲೇ ಹುಡುಗಿ ಮನೆಗೆ ಬರಲಿ ಅಂತ ಒಂದು ದಿನ ಗೊತ್ತು ಮಾಡಿ ಹೇಳಿಕಳಿಸಿದ. ಅರಳಿಕಟ್ಟೆಗೆ ಜಮಖಾನ ಹಾಸಿದ್ದರು. ನಾರಾಯಣಸ್ವಾಮಿಗೆ ಹೊಸ ಬಿಳಿ ಷರಟು. ಅವನ ತಾಯಿ ತಟ್ಟೆಯಲ್ಲಿ ಸೀರೆ, ಅರಿಶಿನ ಕುಂಕುಮ ಇಟ್ಟುಕೊಂಡು ನಿಂತಿದ್ದಳು. ಊರ ಹೆಂಗಸರು ಆ ಕಡೆ ಗೋಡೆಯ ಪಕ್ಕ ಸೇರಿದ್ದರು. ಪಿಳ್ಳಪ್ಪ ಎದ್ದು, ಇವನು ಕುಡಿತ ಬಿಟ್ಟಿದ್ದಾನೆ, ಇದಕ್ಕೆ ನಾವೆಲ್ಲ ಸಾಕ್ಷಿ, ಸಾರಾಯಿ ಹಾಳು ಮಾಡಿದ್ದ ಮನೆಯನ್ನು ದೊಡ್ಡವರ ಮಾತು ಉಳಿಸಿತು ಅಂತ ಭಾಷಣ ಮಾಡಿದ. ಮಗಳನ್ನು ಕಳಿಸಮ್ಮ ಅಂದ.

ನಾನು ಎದ್ದೆ. ಕೋಣೆಯ ಮಾತನ್ನು ಆಚೆ ತರುವುದಿಲ್ಲ ಅಂತ ಒಪ್ಪಿಕೊಂಡಿದ್ದೆ. ಆದರೆ ಆ ಕೋಣೆಯಲ್ಲಿ ಯಾರನ್ನೂ ಏನೂ ಕೇಳಬಾರದಿತ್ತು. ಅರಳಿಕಟ್ಟೆಯಲ್ಲಿ ಕೇಳಬಹುದು.

"ಇವನು ಈಗ ಎಚ್ಚರವಾಗಿದ್ದಾನೆ ಅಂತ ನೀವೇ ಹೇಳಿದ್ರಿ ಅಣ್ಣ. ಒಂದು ಮಾತು ಕೇಳ್ತೀನಿ. ನಾರಾಯಣಸ್ವಾಮಿ, ಆವತ್ತು ಮೊದಲು ಹೊಡೆದ್ಯೋ, ಮೊದಲು ಕುಡಿದ್ಯೋ?"

ಪಿಳ್ಳಪ್ಪ ಕೈ ಅಡ್ಡ ಬೀಸಿದ. ಒಳ್ಳೆಯ ಕೆಲಸದ ಹೊತ್ತಿನಲ್ಲಿ ಆ ಹಳೆಯದೆಲ್ಲ ಯಾಕಮ್ಮ ಅಂದ.

"ಕುಡ್ದೋನು ಹೇಳಿದ್ದನ್ನ ನಂಬಿದ್ರಿ. ಎಚ್ಚರ ಇರೋನು ಹೇಳೋದನ್ನೂ ಕೇಳಿ."

ಅವನ ತಾಯಿ, ಬೆಳಿಗ್ಗೆಯಿಂದಲೇ ಕುಡಿದಿದ್ದ ಅಂತ ಮತ್ತೆ ಶುರುಮಾಡಿದಳು. ನಾನು ಅವಳ ಕಡೆ ನೋಡಲಿಲ್ಲ. ಅವನನ್ನೇ ನೋಡಿದೆ. ಷರಟಿನ ಬೆನ್ನು ಬೆವರಿಗೆ ಅಂಟಿಕೊಂಡಿತು. ಸುಳ್ಳು ಹೇಳಬಹುದಿತ್ತು, ಎಲ್ಲರೂ ಸುಳ್ಳಿಗೇ ಕಾಯುತ್ತಿದ್ದರು. ಜ್ಞಾಪಕವಿಲ್ಲ ಅನ್ನುವ ಒಂದೇ ಮಾತಿಗೆ ಅವನಿಗೆ ಹೆಂಡತಿ, ಮಗಳು, ಮರ್ಯಾದೆ ಮೂರೂ ಸಿಗುತ್ತಿದ್ದವು. ಆ ಒಂದು ಗಳಿಗೆ ಅವನು ಹಾಗೇ ಅಂದುಬಿಡುತ್ತಾನೆ ಅಂತಲೇ ಅಂದುಕೊಂಡೆ.

"ಮೊದಲು ಹೊಡೆದೆ" ಅಂದ.

ಅವನು ಪಿಳ್ಳಪ್ಪನ ಕಡೆ ತಿರುಗಿದ.

"ಅಮಲು ಇರಲಿಲ್ಲ ದೊಡ್ಡಪ್ಪ. ಮೂಳೆ ಮುರಿದ ಸದ್ದು ನಂಗೆ ಚೆನ್ನಾಗಿ ಕೇಳಿಸ್ತು. ಕುಡ್ದೋನಾದ್ರೆ ನೀವು ಬಿಟ್ಬಿಡ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಅಂಗಡಿಗೆ ಹೋದೆ."

ಪಿಳ್ಳಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ, ಮತ್ತೆ ತೆಗೆದ, ಮತ್ತೆ ಹಾಕಿಕೊಂಡ. ಕಟ್ಟೆಯ ಮೇಲಿದ್ದವರಲ್ಲಿ ಇಬ್ಬರು ಮೂವರು ಕಾಲಬೆರಳು ನೋಡುತ್ತಾ ಕೂತರು. ಗೋಡೆಯ ಪಕ್ಕ ನಿಂತಿದ್ದ ಒಬ್ಬಳು ಹೆಂಗಸು ಸೆರಗು ಸರಿಮಾಡಿಕೊಂಡು ನೇರವಾಗಿ ತನ್ನ ಗಂಡನನ್ನೇ ನೋಡುತ್ತಿದ್ದಳು. ಅವನು ಎದ್ದು ಬೀಡಿ ಸೇದಲು ಹೋದ. ಈಗ ಇದನ್ನು ಯಾವುದರ ಮೇಲೆ ಹಾಕುತ್ತೀರಿ ಅಣ್ಣ ಅಂತ ಕೇಳಿದೆ. ನನಗೆ ಹೊಟ್ಟೆ ತುಂಬ ಊಟ ಮಾಡಿದ ಹಾಗಾಯಿತು. ಸುಳ್ಳು ಯಾಕೆ ಬರೆಯಲಿ.

ಮಂಜುಳ ಎದ್ದಳು. ಆವತ್ತು ನಾನು ಹೇಳಿದ್ದೂ ಇದೇ ದೊಡ್ಡಪ್ಪ ಅಂದಳು. ಶಿಲ್ಪನನ್ನು ಬಲಗೈಯಲ್ಲಿ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು. ಸೀರೆಯ ತಟ್ಟೆ ಹಿಡಿದವಳು ಹಿಡಿದುಕೊಂಡೇ ಇದ್ದಳು. ಕಳಿಸು ಅಂತ ಯಾರೂ ಅನ್ನಲಿಲ್ಲ, ಅವತ್ತೂ ಇಲ್ಲ, ಆಮೇಲೆಯೂ ಇಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಸೀರೆ ಉಟ್ಟುಕೊಂಡು ಹೊರಟಾಗ ಮಂಜುಳ, ಇನ್ನೆಲ್ಲಿಗಮ್ಮ ಅಂತ ಕೇಳಿದಳು. ಚಿಂತಾಮಣಿಗೆ ಅಂದೆ. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಅವನು ಇರುವುದಿಲ್ಲ, ಯಾವುದೋ ಅಂಗಡಿಯಲ್ಲಿ ಇರುತ್ತಾನೆ, ಅಲ್ಲಿಂದಲೇ ಎಳೆದುಕೊಂಡು ಹೋಗಬೇಕು ಅಂತ ಲೆಕ್ಕ ಹಾಕಿದ್ದೆ. ಅವನು ಹಳೆಯ ಷರಟಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ವಾರವೆಲ್ಲ ನಿದ್ದೆ ಮಾಡಿಲ್ಲದ ಮುಖ. ಹತ್ತಿರ ಹೋದೆ. ಬರೀ ಬೆವರಿನ ವಾಸನೆ.

"ನಿಮ್ಗೆ ಬೇಕಾಗಿದ್ದು ಸಿಕ್ತಲ್ಲ ಅತ್ತೆ. ಇನ್ನೂ ಯಾಕೆ ಬರ್ತೀರಿ?"

"ನೀನು ಹೇಳಿದ್ದು ಒಂದು ದಿನ. ಅವಳ ಕೈ ದಿನಾ ನೋಯ್ತದೆ. ನಿಂಗೂ ದಿನಾ ಜ್ಞಾಪಕ ಇರಬೇಕು. ಕುಡ್ದು ಮರೆಯಕ್ಕೆ ನಾನು ಬಿಡಲ್ಲ."

ಬಸ್ಸು ಬಂತು. ಅವನು ಹತ್ತಿದ, ಹಿಂದಿನಿಂದ ನಾನೂ ಹತ್ತಿದೆ.